ಬ್ಯಾಂಕಾಕ್‌ನಿಂದ ತಂದ ಜ್ವರ

ಅವನು ನೋಡಿದ. ಒಂದೇ ಒಂದು ಸಲ!

ಆಮೇಲೆ ತಲೆ ತಗ್ಗಿಸಿದವನು, ಧನುಶ್ರೀ ಟೀ ಕೊಟ್ಟು ಒಳಗೆ ಹೋಗುವವರೆಗೂ ಮತ್ತೆ ಕಣ್ಣೆತ್ತಲಿಲ್ಲ.

ಆ ಒಂದು ನೋಟಕ್ಕೇ ಅವಳ ಕೈಯಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದ್ದವು. ಎಂಥ ಕಣ್ಣು... ಏನನ್ನೋ ಹೇಳಲು ಬಂದು ಹೊಸಿಲಲ್ಲೇ ನಿಂತ ಹಾಗೆ!

ಹೆಣ್ಣು ನೋಡಲು ಬಂದವನ ಹೆಸರು ತಿಪ್ಪೇರುದ್ರ. ಜಗಳೂರು ತಾಲೂಕಿನ ಬಿಳಿಚೋಡಿನವನು, ಲೈನ್‌ಮ್ಯಾನ್. ಜೊತೆಗೆ ಬಂದಿದ್ದವಳು ಅಕ್ಕ ದುರುಗಮ್ಮ. ಸವಳಂಗದ ಆ ಚಿಕ್ಕ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಧನುಶ್ರೀಯ ಅಪ್ಪ ಚಿಕ್ಕಹನುಮಂತಪ್ಪ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದರು. ಪಂಚಾಯಿತಿಯ ನೀರುಗಂಟಿ ಕೆಲಸ ಅವರದು. ಇಡೀ ಕಾಲೋನಿಗೆ ಅವರ ಮಾತೆಂದರೆ ಮಾತು.

"ನೋಡ್ರಿ, ನಾವು ಬೌದ್ಧರು. ಘಳಿಗೆ, ಸೂತಕ, ರಾಹುಕಾಲ ಅದ್ಯಾವ್ದೂ ನಮ್ಮನ್ಯಾಗಿಲ್ಲ. ಅವನ್ನೆಲ್ಲ ಮಾಡೋರ ಮನಿಗೆ ಮಗಳ್ನ ಕೊಡಾಕೂ ನಂಗೆ ಮನಸ್ಸಿಲ್ಲ. ನಿಮ್ದು ಹೆಂಗೆ?"

ರುದ್ರ ಬಾಯಿ ತೆರೆದ. ಅಕ್ಕನ ಮುಖ ನೋಡಿದ. ಮುಚ್ಚಿದ.

"ನಮ್ದೂ ಏನಿಲ್ಲ ಬಿಡ್ರಿ!" ಎಂದಳು ದುರುಗಮ್ಮ, ಅಗತ್ಯಕ್ಕಿಂತ ತುಸು ಬೇಗನೇ.

ಆಮೇಲೆ ಅಡಿಗೆಮನೆಗೆ ಬಂದವಳು ಧನುಶ್ರೀಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಹುಡುಗಿ ಲಕ್ಷಣವಾಗವಳೆ, ನೌಕರಿ ಬೇರೆ ಐತೆ. ಆದ್ರೆ ಈ ಎದಿ ಮ್ಯಾಲೆ ಸೆರಗು ಅದ್ಹೆಂಗೆ ನಿಂತೈತವ್ವಾ! ಮದುವಿಗೆ ಒಂದು ಡಬ್ಬಿ ಪಿನ್ನು ನಾನೇ ತರ್ತೀನಿ!"

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅವ್ವ ಗಿಡ್ಡಮ್ಮನೂ ನಗದಿದ್ದರೆ ತಪ್ಪಾದೀತೆಂದು ನಕ್ಕಳು.

ಧನುಶ್ರೀ ತಿರುಗಿ ನೋಡಿದರೆ... ಬಾಗಿಲಲ್ಲಿ ರುದ್ರ! ಖಾಲಿ ಲೋಟ ಹಿಡಿದು ನೀರಿಗೆಂದು ಬಂದಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಿವಿ ಕೆಂಪಾಗಿದ್ದವು.

ಒಂದು ಮಾತೂ ಆಡದೆ ಹಿಂತಿರುಗಿ ಹೋದ.

ವಾರದೊಳಗೆ ಫೋನ್ ಬಂತು. ಹುಡುಗಿ ಒಪ್ಪಿಗೆ, ಆದರೆ ಆರು ತಿಂಗಳು ತಡೀರಿ ಅಂದರು. ಯಾಕೆ ಎಂಬುದನ್ನು ಅವರು ಹೇಳಲಿಲ್ಲ. ಅಪ್ಪ ಕೇಳಲಿಲ್ಲ.

ಧನುಶ್ರೀಗೆ ಗೊತ್ತಿತ್ತು. ಗೊತ್ತಿದೆ ಎಂದೇ ಅವಳು ನಂಬಿದಳು. 'ನನಗಿಂತ ಚೆನ್ನಾಗಿರೋಳು ಸಿಕ್ತಾಳಾ ಅಂತ ಹುಡುಕ್ತಿದಾರೆ. ಸಿಗದಿದ್ರೆ ಮಾತ್ರ ನಾನು...'

ಭಾನುವಾರಗಳಂದು ರುದ್ರ ಫೋನ್ ಮಾಡುತ್ತಿದ್ದ. "ಊಟ ಆಯ್ತಾ?" ಎನ್ನುತ್ತಿದ್ದ. ಆಮೇಲೆ ಮೌನ. ಬಿಳಿಚೋಡಿನ ಬಯಲ ಗಾಳಿ ಮಾತ್ರ ಫೋನಿನಲ್ಲಿ ಬೀಸುತ್ತಿತ್ತು. ಮಾತು ಸಿಗದವನ ಮೌನಕ್ಕೂ ಮನಸ್ಸಿಲ್ಲದವನ ಮೌನಕ್ಕೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ. ಧನುಶ್ರೀ ಆ ಮೌನಕ್ಕೆ ತನಗೆ ನೋವಾಗುವ ಅರ್ಥವನ್ನೇ ಕೊಟ್ಟುಕೊಂಡಳು.

ಅವಳು ಚನ್ನಗಿರಿಯಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತೆ. ಪಕ್ಕದ ಟೇಬಲ್ಲಿನ ಮದೀಹಾ ಅವಳ ಜೀವದ ಗೆಳತಿ. ಧನುಶ್ರೀ ಮೊಬೈಲ್ ಚಾಚಿ ತೋರಿಸಿದಾಗ ಮದೀಹಾಳ ಕೈಯಲ್ಲಿದ್ದ ತುತ್ತು ಡಬ್ಬಿಗೇ ಬಿತ್ತು.

ಥಾಯ್ಲೆಂಡಿನಲ್ಲಿ ಎದೆಯ ಆಪರೇಷನ್. ಟಿಕೆಟ್, ಹೋಟೆಲ್, ಡಾಕ್ಟರ್ ಎಲ್ಲ ಸೇರಿ ಒಂದೇ ಪ್ಯಾಕೇಜ್. ಕುಳಿತಲ್ಲಿಗೇ ಸಂಬಳದ ಮೇಲೆ ಸಾಲ!

"ಹುಚ್ಚು ಹಿಡೀತೇನೆ ನಿಂಗೆ? ಆ ಹುಡುಗನ ಅಕ್ಕನ ಬಾಯಿ ಹೊಲಸಾದ್ರೆ ನಿನ್ನ ಮೈ ಕೊಯ್ಸ್ಕೋತೀಯಾ?"

"ಮೆಲ್ಲಗೆ ಮಾತಾಡೇ..."

"ಹೋಗ್ಲಿ, ಬೆಂಗಳೂರಾಗೆ ಡಾಕ್ಟ್ರಿಲ್ವಾ?"

"ಅಲ್ಲಿ ಯಾರಾದ್ರೂ ನಮ್ಮೋರು ಕಂಡ್ರೆ? ಬ್ಯಾಂಕಾಕ್‌ನಾಗೆ ನಾನು ಯಾರಂತ ಯಾರಿಗೂ ಗೊತ್ತಿರಲ್ಲ."

"ಅದಕ್ಕೇ ಹೆದರ್ಕಿ ನಂಗೆ," ಎಂದಳು ಮದೀಹಾ. "ನೀನು ಯಾರಂತ ಗೊತ್ತಿಲ್ದೋರ ಕೈಗೆ ಚಾಕು ಕೊಡ್ತಿದೀಯ."

ಅದೇ ಸಂಜೆ ಧನುಶ್ರೀ ಸಾಲಕ್ಕೆ ಒಪ್ಪಿಗೆಯ ಗುಂಡಿ ಒತ್ತಿದಳು.

ರಜೆ ಕೇಳಲು ಹೋದಾಗ ಸಾಹೇಬರು ತಲೆಯೆತ್ತದೆ ಕೇಳಿದರು. "ಥಾಯ್ಲೆಂಡಿಗಾ? ಯಾಕಮ್ಮಾ?"

ಅವಳ ಬಾಯಿಂದ ತಾನಾಗಿಯೇ ಬಂತು. "ಬುದ್ಧನ ದರ್ಶನಕ್ಕೆ, ಸರ್."

ಆ ಮಾತು ಅವಳ ಬಸ್ಸಿಗಿಂತ ಮೊದಲೇ ಸವಳಂಗ ಮುಟ್ಟಿತು! ಮನೆಗೆ ಬಂದರೆ ಅಪ್ಪ ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. "ನಮ್ಮ ಕಾಲೋನಿಯಾಗೆ ಯಾರೂ ವಿಮಾನ ಹತ್ತಿಲ್ಲ. ಮೊದಲ ಸಲ ಹತ್ತೋಳು ನನ್ ಮಗಳು, ಅದೂ ಬುದ್ಧನ ಪಾದಕ್ಕೆ!"

ಹೊರಡುವ ದಿನ ಇಡೀ ಕಾಲೋನಿ ಹಾರ ಹಿಡಿದು ಬಂತು. "ಜೈಭೀಮ್ ಧನು! ಅಲ್ಲಿ ನನ್ನ ಹೆಸರೂ ಹೇಳೇ!" ಎಂದು ಒಬ್ಬೊಬ್ಬರೂ ಕೂಗಿದರು. ಗಿಡ್ಡಮ್ಮ ಒಂದು ಬಿಳಿ ವಸ್ತ್ರ ಮಡಚಿ ಕೊಟ್ಟಳು.

"ಪಾದಕ್ಕೆ ಮುಟ್ಟಿಸ್ಕೊಂಡು ಬಾ ಮಗಾ. ನಿನ್ ಮದುವಿಗೆ ಇದನ್ನೇ ಹೊದ್ದಿಸ್ತೀನಿ."

ಬೇಡ, ನಾನು ಹೋಗಲ್ಲ ಎನ್ನಲು ಅದೇ ಕೊನೆಯ ಗಳಿಗೆಯಾಗಿತ್ತು. ಅವಳು ವಸ್ತ್ರ ಇಸಿದುಕೊಂಡಳು.

ಬಸ್ಸಿನಲ್ಲಿದ್ದಾಗ ರುದ್ರನ ಫೋನ್ ಬಂತು. "ಹುಷಾರು... ನಿಮ್ಗೊಂದು ಮಾತು ಹೇಳಬೇಕಿತ್ತು."

"ಏನು?"

ಮತ್ತೆ ಅದೇ ಗಾಳಿ. "ಬಂದ ಮ್ಯಾಲೆ ಹೇಳ್ತೀನಿ."

'ಬಂದ ಮ್ಯಾಲೆ ಮೊದಲು ನನ್ನ ನೋಡ್ರಿ,' ಎಂದುಕೊಂಡಳು ಅವಳು. 'ಆಮ್ಯಾಕೆ ಹೇಳ್ರಂತೆ!'

ಬ್ಯಾಂಕಾಕಿನಲ್ಲಿ ಅವಳು ಕಂಡದ್ದು ಒಂದು ಬಿಳಿ ಕೋಣೆ. ಕಿಟಕಿಯಾಚೆ ದೂರದಲ್ಲಿ ಒಂದು ಬಂಗಾರದ ಗೋಪುರ. ಅದು ಯಾರ ಗುಡಿಯೋ, ಕೇಳಲು ಭಾಷೆಯಿರಲಿಲ್ಲ. ಡಾಕ್ಟರ್ ಮೊಬೈಲಿಗೆ ಹೇಳಿದ, ಮೊಬೈಲ್ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿತು. ಆಪರೇಷನ್ ಆದ ಮೇಲೆ ಅವನು ಮತ್ತೆ ಕಾಣಲಿಲ್ಲ.

ಎದೆಯ ಮೇಲೆ ಯಾರೋ ಕಲ್ಲು ಕಟ್ಟಿದ ಹಾಗಿತ್ತು. ಕೈಯೆತ್ತಿ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಎಡಗಡೆ ಬಿಸಿ. ಮುಟ್ಟಿದರೆ ಬೆರಳಿಗೆ ತಾಗುವಷ್ಟು ಬಿಸಿ! ಪ್ಯಾಕೇಜ್ ಮಾಡಿಕೊಟ್ಟಿದ್ದ ಏಜೆಂಟ್ ಹೆಂಗಸಿಗೆ ಮೆಸೇಜ್ ಮಾಡಿದಳು. "ಅದೆಲ್ಲ ನಾರ್ಮಲ್ ಮೇಡಂ," ಎಂದು ಉತ್ತರ ಬಂತು, ಜೊತೆಗೊಂದು ನಗುವ ಗೊಂಬೆ.

ಪ್ಯಾಕೇಜಿನ ದಿನ ಮುಗಿದಿತ್ತು. ಕೋಣೆ ಖಾಲಿ ಮಾಡಬೇಕಿತ್ತು. ಸೂಟ್‌ಕೇಸನ್ನು ಅವಳೇ ಎಳೆದಳು.

ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕಾಲೋನಿಯವರಿಗೆಲ್ಲ ಪುಟ್ಟ ಪುಟ್ಟ ಬುದ್ಧರನ್ನು ಕೊಂಡಳು. ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವ್ವ ಕೊಟ್ಟ ವಸ್ತ್ರವನ್ನು ದರದ ಚೀಟಿ ಅಂಟಿಸಿದ್ದ ಒಂದು ಮೂರ್ತಿಯ ಪಾದಕ್ಕೆ ಮುಟ್ಟಿಸಿದಳು.

ಅಲ್ಲೇ, ಸೆಂಟು ಮಾರುವವಳ ಪಕ್ಕದಲ್ಲಿ ನಿಂತು ಅತ್ತಳು.

ಊರಿಗೆ ಬಂದ ಮಾರನೆಯ ದಿನವೇ ಹುಣ್ಣಿಮೆ. ಕಾಲೋನಿಯ ಬುದ್ಧ ವಿಹಾರದಲ್ಲಿ ಬೆಳಗ್ಗೆಯೇ ಸನ್ಮಾನ! ಅಪ್ಪ ರುದ್ರನನ್ನೂ ಕರೆಸಿದ್ದರು. ಚನ್ನಗಿರಿಯಿಂದ ಮದೀಹಾ ಬಂದಿದ್ದಳು.

ಧನುಶ್ರೀಗೆ ಮೈ ಸುಡುತ್ತಿತ್ತು. ಬಿಳಿ ಸೀರೆ ಉಟ್ಟು ಮಾತ್ರೆ ನುಂಗಿ ಬಂದಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ತಬ್ಬಿಕೊಂಡರು. ಪ್ರತಿ ತಬ್ಬುಗೆಗೂ ಹಲ್ಲು ಕಚ್ಚಿದಳು.

"ಇನ್ನು ಮೂರು ಸಲ ವಂದನೆ ಮಾಡು ಮಗಾ, ಅಲ್ಲಿ ಮಾಡಿದಂಗೆ," ಎಂದರು ಅಪ್ಪ, ಹೆಮ್ಮೆಯಿಂದ.

ಮೊಣಕಾಲೂರಿ, ಅಂಗೈ ನೆಲಕ್ಕಿಟ್ಟು, ಹಣೆ ಮುಟ್ಟಿಸಬೇಕು.

ಅವಳು ಬಾಗಿದಳು. ಎದೆಯೊಳಗೆ ಏನೋ ಹರಿದಂತಾಯಿತು... ಮೇಲೇಳಲು ಆಗಲಿಲ್ಲ.

ಜನ ಅವಳು ಭಕ್ತಿಯಿಂದ ಹಾಗೇ ಉಳಿದಳೆಂದುಕೊಂಡು ಸುಮ್ಮನಾದರು. ಕೆಲವರು ಕಣ್ಣು ಮುಚ್ಚಿದರು. ಎದುರು ಕೂತಿದ್ದ ರುದ್ರ ಮಾತ್ರ ನೋಡುತ್ತಲೇ ಇದ್ದ. ಅವಳ ಎಡ ಕಂಕುಳ ಕೆಳಗೆ ಬಿಳಿ ಸೀರೆ ಹಳದಿಯಾಗಿ ಒದ್ದೆಯಾಗುತ್ತಿತ್ತು.

ಅವನು ಎದ್ದ. ಗಿಡ್ಡಮ್ಮನ ಕೈಯಲ್ಲಿದ್ದ ವಸ್ತ್ರ ಇಸಿದುಕೊಂಡ. ಧನುಶ್ರೀಯ ಹೆಗಲ ಮೇಲೆ ಹೊದ್ದಿಸಿ, ಕಲೆ ಮುಚ್ಚುವಂತೆ ಎಳೆದ.

ಭಾವೀ ಅಳಿಯನೇ ಸನ್ಮಾನ ಮಾಡಿದನೆಂದು ಎಲ್ಲರೂ ಚಪ್ಪಾಳೆ ತಟ್ಟಿದರು!

ಆ ಸದ್ದಿನಲ್ಲಿ ಅವನು ಬಗ್ಗಿ ಕೇಳಿದ. "ಏಳಾಕೆ ಆಗುತ್ತಾ?"

"ಇಲ್ಲ..."

"ಮಾವಾ, ಪ್ರಯಾಣದ ಆಯಾಸ, ಜ್ವರ ಬಂದೈತೆ. ಗೆಳೆಯನ ಕಾರು ತಂದೀನಿ. ಆಸ್ಪತ್ರೆಗೆ ತೋರಿಸ್ಕಂಡು ಬರ್ತೀವಿ."

"ನಾನು ಜೊತಿಗಿರ್ತೀನಿ," ಎಂದು ಮದೀಹಾ ಆಗಲೇ ಎದ್ದು ಬಂದಿದ್ದಳು. "ನೀವು ಬಂದೋರ ಊಟ ನೋಡ್ಕಳ್ರಿ ಅಪ್ಪಾಜಿ."

ಕಾರು ಹೊರಟಿತು. ಶಿವಮೊಗ್ಗ ಹತ್ತಿರವಿತ್ತು.

"ಬ್ಯಾಡ! ಅಲ್ಲೆಲ್ಲ ಅಪ್ಪನ ಪರಿಚಯದೋರೇ..." ಎಂದು ಧನುಶ್ರೀ ಗೋಗರೆದಳು.

ನ್ಯಾಮತಿಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಪರದೆಯ ಹಿಂದೆ ನೋಡಿ, ಒಂದು ಇಂಜೆಕ್ಷನ್ ಕೊಟ್ಟು ಕೈ ತೊಳೆದಳು. "ಎಲ್ಲಿ ಮಾಡಿಸಿದ್ದು ಇದನ್ನ? ನನ್ನ ಕೈಲಾಗಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ, ಬೇಗ." ಹೊನ್ನಾಳಿಯಲ್ಲೂ ಅದೇ ಮಾತು. ಮದೀಹಾ ಏಜೆಂಟ್ ಹೆಂಗಸಿನ ನಂಬರಿಗೆ ಫೋನ್ ಮಾಡುತ್ತಲೇ ಇದ್ದಳು. ಸ್ವಿಚ್ ಆಫ್.

ತುಂಗಭದ್ರೆಯ ಸೇತುವೆ ದಾಟಿ ದಾವಣಗೆರೆ ರಸ್ತೆ ಹಿಡಿದಾಗ ಮದೀಹಾ ರುದ್ರನಿಗೆ ಎಲ್ಲ ಹೇಳಿಯಾಗಿತ್ತು. ಅವನು ಕಾರಿನ ವೇಗ ಹೆಚ್ಚಿಸುತ್ತ ಕೇಳಿದ.

"ಯಾಕೆ ಹಿಂಗೆ ಮಾಡ್ಕಂಡ್ರಿ?"

ಧನುಶ್ರೀಯೊಳಗೆ ಕಟ್ಟಿಕೊಂಡಿದ್ದೆಲ್ಲ ಒಡೆಯಿತು. "ಯಾಕಾ? ಅವತ್ತು ಬಾಗಿಲಾಗೆ ನಿಂತು ಕೇಳಿಸ್ಕಂಡು ಸುಮ್ನೆ ಹೋಗಿದ್ದು ಯಾರು? ಆರು ತಿಂಗಳು ತಡೀರಿ ಅಂದಿದ್ದು ಯಾರು? ನಂಗಿಂತ ಚೆನ್ನಾಗಿರೋಳನ್ನ ಹುಡುಕಾಕೆ ಅಲ್ವಾ?"

"ಏನು?!"

ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಅವನು ಒಂದೊಂದೇ ಮಾತು ಕಿತ್ತು ತೆಗೆದ.

"ನಮ್ಮವ್ವ ತೀರಿ ವರ್ಷ ತುಂಬಿರಲಿಲ್ಲ. ತುಂಬೋ ತನಕ ಮದುವಿ ಬ್ಯಾಡ ಅಂತ ಅಕ್ಕ ಹಟ ಹಿಡಿದ್ಲು. ಸೂತಕ ಗೀತಕ ಅನ್ನೋರ ಮನಿಗೆ ಮಗಳ್ನ ಕೊಡಲ್ಲ ಅಂದ್ರು ನಿಮ್ಮಪ್ಪ. ನಿಜ ಹೇಳಿದ್ರೆ ನೀವು ತಪ್ಪಿ ಹೋಗ್ತೀರಿ ಅಂತ ಹೆದರ್ಕಂಡೆ. ಅದಕ್ಕೇ... ಆರು ತಿಂಗಳು ಅಂತಷ್ಟೇ ಹೇಳಿದ್ವಿ."

"ಅಷ್ಟೇನಾ?"

"ಅಷ್ಟೇ."

ಧನುಶ್ರೀಗೆ ನಗು ಬಂತು. ನಕ್ಕರೆ ಎದೆ ಸೀಳುವಷ್ಟು ನೋವು. ನಗುತ್ತಲೇ ಅಳತೊಡಗಿದಳು.

"ಮತ್ತೆ... ಅಕ್ಕನ ಆ ಮಾತು?"

"ಹೋಗೋವಾಗ ದಾರಿ ಉದ್ದಕ್ಕೂ ಬೈದೆ ಅವಳ್ನ. ನಿಮ್ಮೆದುರಿಗೇ ಬೈಬೇಕಿತ್ತು. ನಂಗೆ ಬಾಯೇ ಬರಲಿಲ್ಲ."

ಹಿಂದಿನ ಸೀಟಿನಲ್ಲಿ ಗೆಳತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಮದೀಹಾ ಸಿಡುಕಿದಳು. "ಯಾ ಅಲ್ಲಾ! ಇಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟಿದ್ರೆ ಹತ್ತು ರೂಪಾಯಿ ರೀಚಾರ್ಜಿನಾಗೆ ಮುಗೀತಿತ್ತಲ್ರೀ ಇದು! ಬೇಗ ಓಡಿಸ್ರಿ, ಇವಳು ಕಣ್ಣು ಮುಚ್ತಾವಳೆ..."

ದಾವಣಗೆರೆಯ ಡಾಕ್ಟರ್ ಸುತ್ತಿ ಬಳಸಿ ಮಾತಾಡಲಿಲ್ಲ. "ನಂಜು ರಕ್ತಕ್ಕೆ ಇಳೀತಿದೆ. ಒಳಗಿಟ್ಟಿರೋ ಎರಡನ್ನೂ ತೆಗೀಬೇಕು, ಈಗಲೇ."

"ಔಷಧಿಯಾಗೆ ವಾಸಿ ಆಗಲ್ವಾ? ಒಂದನ್ನಾದ್ರೂ ಉಳಿಸಾಕೆ..." ಜ್ವರದಲ್ಲೂ ಅವಳು ಬೇಡಿದಳು.

"ಅದನ್ನ ಉಳಿಸೋಕೆ ಹೋದ್ರೆ ನೀವು ಉಳಿಯಲ್ಲ. ಇನ್ನೊಂದು ಮಾತು, ಈಗಲೇ ಹೇಳಿಬಿಡ್ತೀನಿ. ತೆಗೆದ ಮೇಲೆ ಮೊದಲಿದ್ದ ಹಾಗೂ ಇರಲ್ಲ. ಎಡಗಡೆ ಗುಂಡಿ ಬೀಳುತ್ತೆ. ಗಾಯದ ಗುರುತು ಹೋಗಲ್ಲ."

ಧನುಶ್ರೀ ಪಕ್ಕಕ್ಕೆ ತಿರುಗಿದಳು. 'ಈಗ ತಲೆ ತಗ್ಗಿಸ್ತಾನೆ,' ಎಂದುಕೊಂಡಳು. 'ಅವತ್ತಿನಂಗೆ...'

ರುದ್ರ ತಗ್ಗಿಸಲಿಲ್ಲ. ಕಣ್ಣು ತುಂಬಿ ಹರಿಯುತ್ತಿದ್ದರೂ ಒರೆಸಿಕೊಳ್ಳದೆ ಅವಳ ಮುಖವನ್ನೇ ನೋಡುತ್ತ ನಿಂತ. "ಜೀವ ಉಳಿಸ್ಕ," ಎಂದ. ಮೊದಲ ಸಲ ಏಕವಚನದಲ್ಲಿ. "ನಂಗೆ ನೀನು ಬೇಕು."

ಅವಳು ಸಹಿ ಹಾಕಿದಳು.

ಎಚ್ಚರ, ಮಂಪರು, ಸೂಜಿ. ಎಷ್ಟು ಬೆಳಗು ಕಳೆದವೋ ತಿಳಿಯಲಿಲ್ಲ. ಒಂದು ಬೆಳಗ್ಗೆ ಮೈ ತಣ್ಣಗಿತ್ತು. ಹೊದಿಕೆಯ ಕೆಳಗೆ ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿದ್ದರು. ಎಡಗಡೆ, ಪಟ್ಟಿಯೊಳಗೆ, ಏನೂ ಇಲ್ಲದಂಥ ಒಂದು ತಗ್ಗು. ಅವಳು ಕೈ ಹಿಂದೆ ತೆಗೆದಳು.

ತೀರಿಸಬೇಕಾದ ಸಾಲ ಇನ್ನೂ ಹಾಗೇ ಇತ್ತು. ನಂಜು ಮರುಕಳಿಸಬಹುದು, ತಿಂಗಳುಗಟ್ಟಲೆ ನೋಡುತ್ತಿರಬೇಕು ಎಂದು ಡಾಕ್ಟರ್ ಹೇಳಿದ್ದರು. ಬಾಗಿಲಾಚೆ ಬೆಂಚಿನ ಮೇಲೆ ಅಪ್ಪ ಕೂತಿದ್ದರು. ಅವರಿಗೆ ಗೊತ್ತಿದ್ದದ್ದು ಜ್ವರ ಎಂದು ಮಾತ್ರ. ಬಂದು ಹೋದವರಿಗೆಲ್ಲ ಮಗಳ ಯಾತ್ರೆಯ ಕಥೆ ಹೇಳುತ್ತಿದ್ದ ಅವರ ದನಿ ಒಳಗೂ ಕೇಳುತ್ತಿತ್ತು.

ಮಂಚದ ಪಕ್ಕ ರುದ್ರ ಕೂತಿದ್ದ. ಗಡ್ಡ ಬೆಳೆದಿತ್ತು.

"ಮಾವಂಗೆ ಅಲ್ಲಿನ ನೀರು ಒಗ್ಗಿಲ್ಲ ಅಂತ ಹೇಳಿಬಿಡ್ತೀನಿ," ಎಂದ ಮೆಲ್ಲಗೆ. "ನಂಬ್ತಾರೆ."

ಧನುಶ್ರೀ ಬಾಗಿಲ ಕಡೆ ನೋಡಿದಳು. ಆಚೆ ಅಪ್ಪ ಯಾರಿಗೋ ಹೇಳುತ್ತಿದ್ದರು, "ಎಲ್ಲರ ಹೆಸರೂ ಹೇಳಿ ಬಂದವಳೆ ನನ್ ಮಗಳು, ಒಬ್ಬರನ್ನೂ ಬಿಟ್ಟಿಲ್ಲ..."

"ಬ್ಯಾಡ. ಒಳಗೆ ಕರೀರಿ. ನಾನೇ ಹೇಳ್ತೀನಿ."

"ತಡಕಂತಾರಾ?"

"ಗೊತ್ತಿಲ್ಲ... ಮುಖ ತಿರುಗಿಸಿದ್ರೂ ತಿರುಗಿಸಬಹುದು. ನೀವು ಇಲ್ಲೇ ಇರ್ರಿ. ಏನೂ ಮಾತಾಡಬ್ಯಾಡ್ರಿ. ಅದು ನಿಮಗೆ ಹೆಂಗೂ ರೂಢಿ ಐತಲ್ಲ!"

ಅವನು ನಗಲಿಲ್ಲ. ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟವನು ಹಿಂತಿರುಗಿದ.

"ಅವರನ್ನ ಕರಿಯೋ ಮುಂಚೆ ನಂದೊಂದು ಐತೆ. ಅವತ್ತು ಟೀ ಕೊಟ್ಯಲ್ಲ, ಅವತ್ತೇ ಹೇಳಬೇಕಿತ್ತು. ನೀನು ನಂಗೆ ಇಷ್ಟ ಕಣೇ. ಒಂದು ಸಲ ನೋಡಿದ್ದಕ್ಕೇ ಎಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತೋ ಅಂತ ಇನ್ನೊಂದು ಸಲ ನೋಡಲಿಲ್ಲ."

ಧನುಶ್ರೀ ಅವನತ್ತ ತಿರುಗಿದಳು.

"ಇನ್ನೊಂದ್ಸಲ ಹೇಳ್ರಿ."

"ಯಾಕೆ, ಕೇಳಿಸಲಿಲ್ವಾ?"

"ಕೇಳಿಸ್ತು... ಇದೊಂದು ಮಾತಿಗೋಸ್ಕರ ಎಷ್ಟು ದೂರ ಹೋಗಿ ಬಂದೀನಿ ನಾನು. ಒಂದು ಸಲಕ್ಕೆ ಹೆಂಗೆ ಸಾಕಾದೀತು?"

ಅವನು ಮತ್ತೆ ಬಂದು ಪಕ್ಕದಲ್ಲಿ ಕೂತ. ಸೂಜಿ ಚುಚ್ಚಿ ಊದಿಕೊಂಡಿದ್ದ ಅವಳ ಕೈಯನ್ನು ನೋವಾಗದ ಹಾಗೆ ಹಿಡಿದುಕೊಂಡು, ಮತ್ತೊಮ್ಮೆ ಹೇಳಿದ.

ಆಮೇಲೆ ಇಬ್ಬರೂ ಸೇರಿ ಅಪ್ಪನನ್ನು ಒಳಗೆ ಕರೆದರು.