ಕಿಟಕಿಯ ಕಂಚಿನ ಅಜ್ಜಿ

ಎದುರು ಮನೆಯ ಕಸದ ಡಬ್ಬಿಯ ಮುಂದೆ ಐದು ಜನ ಕ್ಯೂ ನಿಂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ಸರಿಯಾಗಿ ಎರಡು ಮೀಟರ್ ಅಂತರ. ಎಲ್ಲರಿಗಿಂತ ಮುಂದಿದ್ದವರು ಕೈ ಹಿಂದೆ ಕಟ್ಟಿಕೊಂಡು, ತಲೆ ಓರೆ ಮಾಡಿ, ಡಬ್ಬಿಯನ್ನು ದಿಟ್ಟಿಸುತ್ತಿದ್ದರು.

“ಏನೇ ತೇಜು ಇದು? ಡಬ್ಬಿ ಒಳಗೆ ಯಾರಾದ್ರೂ ಬಿದ್ದಿದಾರಾ?” ಕಿಟಕಿ ಪಕ್ಕದ ಕುರ್ಚಿಯಿಂದ ತುಂಗಮ್ಮಜ್ಜಿ ಕೇಳಿದರು.

“ಇಲ್ಲ ಅಜ್ಜಿ, ಅದು ಆರ್ಟು! ಮುತಿಂತಾ ಆಂಟಿದು ಎಕ್ಸಿಬಿಷನ್.”

ಪಕ್ಕದ ಮನೆಯ ಮುತಿಂತಾ ಝಾಂಬಿಯಾದ ಕಲಾವಿದೆ. ತಾವು ಚಿತ್ರ ಬರೆಯುವುದಲ್ಲದೆ, ಬೇರೆಯವರ ಕಲೆಯನ್ನು ಆರಿಸಿ ತಂದು ಪ್ರದರ್ಶನ ಏರ್ಪಡಿಸುವುದೂ ಅವರ ಕೆಲಸ. ಲುಸಾಕಾದ ಒಂದು ಹಳೇ ಗ್ಯಾರೇಜಿನಲ್ಲಿ ಮೊದಲ ಪ್ರದರ್ಶನ ಮಾಡಿದವರು, ಡಾಕಾರ್, ಬರ್ಲಿನ್ ಎಲ್ಲ ಸುತ್ತಿ, ಈ ಏಪ್ರಿಲ್‌ನಲ್ಲಿ ಲಿಮೆರಿಕ್‌ನಲ್ಲಿ ಅಂದರೆ ಇದೇ ಊರಿನಲ್ಲಿ, ಎಲ್ಲಕ್ಕಿಂತ ದೊಡ್ಡ ಪ್ರದರ್ಶನ ಮಾಡುವವರಿದ್ದರು. ಅಷ್ಟರಲ್ಲಿ ಕೊರೊನಾ ಬಂತು. ಗ್ಯಾಲರಿಗೆ ಬೀಗ ಬಿತ್ತು. ಒಂಬತ್ತು ದೇಶಗಳ ಕಲಾಕೃತಿಗಳು ಯಾವುದೋ ಬಂದರಿನಲ್ಲಿ ಸಿಕ್ಕಿಕೊಂಡವು. ಬಂದು ತಲುಪಿದ್ದು ಒಂದೇ ಒಂದು ಪೆಟ್ಟಿಗೆ. ಅದರೊಳಗಿದ್ದದ್ದು ನಲವತ್ತು ಚೀಟಿ! ಚಿತ್ರದ ಪಕ್ಕ ಗೋಡೆಗೆ ಅಂಟಿಸುತ್ತಾರಲ್ಲ, ಕೃತಿಯ ಹೆಸರು, ಯಾವುದರಿಂದ ಮಾಡಿದ್ದು ಎಂದು ಬರೆದ ಚೀಟಿ, ಅದು.

ಮುತಿಂತಾ ಎರಡು ದಿನ ಅತ್ತರು. ಮೂರನೇ ದಿನ ಚೀಟಿಗಳನ್ನು ಬೀದಿಗೆ ತಂದರು. ಕಸದ ಡಬ್ಬಿಗೆ ‘ನಾಳೆ’ ಎಂಬ ಚೀಟಿ ಹಾಕಿದರು. ದೀಪದ ಕಂಬಕ್ಕೆ ‘ನನ್ನ ಮೂವರು ಅಣ್ಣಂದಿರು’. ಒಂದು ಬೆಕ್ಕಿಗೆ ‘ಹೆಸರಿಲ್ಲದ ಕೃತಿ, ಮರ ಮತ್ತು ತಂತಿ’ ಅಂಟಿಸಲು ಹೋಗಿ ಚೆನ್ನಾಗಿ ಪರಚಿಸಿಕೊಂಡರು.

ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದು ಎಂದು ಸರ್ಕಾರ ಹೇಳಿದ್ದ ದಿನಗಳವು. ನೋಡಲು ಬೇರೇನಿತ್ತು? ಜನ ಬಂದರು.

ಎಪ್ಪತ್ತು ದಾಟಿದವರು ಮನೆಯಿಂದ ಹೊರಗೇ ಬರುವ ಹಾಗಿರಲಿಲ್ಲ. ಅಜ್ಜಿಗೆ ಎಪ್ಪತ್ತೆರಡು. ಜನವರಿಯಲ್ಲಿ ಮೂರೇ ತಿಂಗಳಿಗೆಂದು ಮೈಸೂರಿನಿಂದ ಮೊಮ್ಮಗಳು ತೇಜುವಿನ ಮನೆಗೆ ಬಂದಿದ್ದರು, ವಿಮಾನ ನಿಂತೇಹೋಯಿತು. ಬೆಳಗಿನಿಂದ ಸಂಜೆವರೆಗೆ ಅವರಿಗೆ ಆ ಕುರ್ಚಿಯೇ ಗತಿ.

“ಆ ಡಬ್ಬಿಗಿರೋ ಮರ್ಯಾದೆ ನಂಗಿಲ್ಲ. ನಂಗೂ ಒಂದು ಚೀಟಿ ಹಾಕ್ಸೇ,” ಅಂದರು ಅಜ್ಜಿ.

ತೇಜು ಬೇಲಿಯಾಚೆಗೆ ಕೂಗಿ ಹೇಳಿದಳು. ಮುತಿಂತಾ ಒಪ್ಪಲಿಲ್ಲ. “ಮನುಷ್ಯರಿಗೆ ಲೇಬಲ್ ಹಾಕಲ್ಲ, ಅದು ನನ್ನ ರೂಲ್. ಹಿಂದೆ ಆಫ್ರಿಕಾದ ಜನರನ್ನ ಝೂ ಪ್ರಾಣಿಗಳ ಹಾಗೆ ನಿಲ್ಲಿಸಿ ನೋಡಿದಾರೆ, ತೇಜು.”

“ನನ್ನನ್ನ ಯಾರೂ ನಿಲ್ಲಿಸ್ತಿಲ್ಲ. ನಾನೇ ಕೂತ್ಕೋತೀನಿ, ಸಾಕಾದ್ರೆ ನಾನೇ ಎದ್ದು ಹೋಗ್ತೀನಿ ಅಂತ ಹೇಳು,” ಅಂದರು ಅಜ್ಜಿ.

ಹಾಗಾದರೆ ಚೀಟಿಯನ್ನೂ ಅವರೇ ಆರಿಸಲಿ ಎಂದು ಮುತಿಂತಾ ಪೆಟ್ಟಿಗೆಯನ್ನೇ ಕಿಟಕಿಯ ಹೊರಗೆ ತಂದು ಹಿಡಿದರು. ತೇಜು ಒಂದೊಂದೇ ಚೀಟಿ ಓದಿ ಅರ್ಥ ಹೇಳಿದಳು. ಅಜ್ಜಿ ಆರಿಸಿದ್ದು ಇದು: ‘ಕಾಯುವವಳು. ಕಂಚು ಮತ್ತು ಉಣ್ಣೆ. ದಯವಿಟ್ಟು ಮುಟ್ಟಬೇಡಿ.’

“ಕಂಚಾ? ಗ್ರ್ಯಾಂಡ್! ಅದೇ ಹಾಕ್ಸು.”

ಮರುದಿನ ಅಜ್ಜಿ ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಮೇಲೆ ಸ್ವೆಟರ್ ತೊಟ್ಟು, ಅಲ್ಲಾಡದೆ ಕೂತರು. ಜನ ನಿಂತು ನೋಡಿದರು. ಒಬ್ಬ ತಾತ ಟೋಪಿ ತೆಗೆದರು. ಒಬ್ಬಾಕೆ ಗೋಡೆ ಮೇಲೆ ಹಳದಿ ಹೂವಿಟ್ಟು ಹೋದಳು.

“ಆ ಕೆಂಪು ಕೋಟಿನೋರಿಗೆ ಮನೇಲೇ ಯಾರೋ ಕಟಿಂಗ್ ಮಾಡಿದಾರೆ ಕಣೇ. ಒಂದು ಕಡೆ ಪೂರ್ತಿ ಬೋಳು! ನಗು ತಡ್ಕೊಳ್ಳೋಷ್ಟರಲ್ಲಿ ಸಾಕುಸಾಕಾಯ್ತು,” ಎಂದು ಅಜ್ಜಿ ಸಂಜೆ ವರದಿ ಒಪ್ಪಿಸಿದರು. ಬಂದ ದಿನದಿಂದ ಅವರು ಇಷ್ಟು ಮಾತಾಡಿದ್ದೇ ಇಲ್ಲ.

ನಾಲ್ಕನೇ ದಿನ ತೇಜುವಿನ ಕ್ಲಾಸಿನ ಓರ್ಲಾ ಬಂದು, ಬಾಗಿಲಲ್ಲಿ ನಿಂತಿದ್ದ ತೇಜುವನ್ನು ಕಂಡಳು. “ಅದು ನಿನ್ನ ಗ್ರ್ಯಾನಿನಾ? ಮೂವ್ ಆಗ್ತಾರಾ?” ಎಂದು ಕಿಸಕ್ಕನೆ ನಕ್ಕಳು.

ತೇಜುವಿನ ಮುಖ ಬಿಸಿಯಾಯಿತು. “ನಂಗೊತ್ತಿಲ್ಲ,” ಎಂದವಳೇ ಒಳಗೋಡಿದಳು. ಇನ್ನು ಇಡೀ ಕ್ಲಾಸಿಗೆ ಗೊತ್ತಾಗುತ್ತದೆ! ಸಂಜೆ ಯಾರಿಗೂ ಕಾಣದ ಹಾಗೆ ಚೀಟಿ ಕಿತ್ತು, ಮ್ಯಾಥ್ಸ್ ಪುಸ್ತಕದೊಳಗೆ ಬಚ್ಚಿಟ್ಟಳು.

ಬೆಳಿಗ್ಗೆ ಅಜ್ಜಿ ಹಸಿರು ಸೀರೆ ಉಟ್ಟು ಕೂತರು. ಜನ ಬಂದರು, ಡಬ್ಬಿ ನೋಡಿದರು, ಕಂಬ ನೋಡಿದರು, ಹೋದರು. ಹನ್ನೆರಡು ಗಂಟೆಯಾಯಿತು.

“ಇವತ್ತು ಯಾಕೇ ಯಾರೂ ನಿಲ್ತಿಲ್ಲ?”

“ಮಳೆ ಬರುತ್ತೆ ಅಂತಿರ್ಬೇಕು, ಅಜ್ಜಿ.”

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅಜ್ಜಿ ಅದನ್ನೂ ನೋಡಿದರು, ತೇಜುವನ್ನೂ ನೋಡಿದರು. ಸೆರಗು ಸರಿಮಾಡಿಕೊಂಡು, ಮೊದಲಿಗಿಂತ ನೆಟ್ಟಗೆ ಕೂತರು.

ತೇಜು ಎದ್ದಳು. ಪುಸ್ತಕದಿಂದ ಚೀಟಿ ತೆಗೆದುಕೊಂಡು ಹೊರಗೆ ಹೋಗಿ, ಕಿಟಕಿಯ ಕೆಳಗೆ ಅಂಟಿಸಿದಳು. ಎರಡು ಮೀಟರ್ ಹಿಂದೆ ಸರಿದು ನಿಂತಳು.

ಇಷ್ಟು ದಿನ ಕಿಟಕಿಯಲ್ಲಿ ಕೂತ ಅಜ್ಜಿಯ ಬೆನ್ನು, ತುರುಬನ್ನು ಮಾತ್ರ ಅವಳು ಒಳಗಿನಿಂದ ನೋಡಿದ್ದಳು. ಮುಖ ಕಾಣುವುದು ಇಲ್ಲಿಂದ. ಅಜ್ಜಿಯ ಕಣ್ಣು ಬೀದಿಯ ತಿರುವಿಗೆ ಹೋಗುತ್ತಿತ್ತು, ಯಾರೂ ಇಲ್ಲದಿದ್ದರೆ ಮರಳಿ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ತೇಜು ನಿಂತದ್ದು ಕಂಡೊಡನೆ ಅಜ್ಜಿ ಗದ್ದ ಎತ್ತಿ, ಕಂಚಿನಂತೆ ಕದಲದೆ ಕೂತರು.

ಹಿಂದೆ ಸೈಕಲ್ ನಿಂತ ಸದ್ದಾಯಿತು. ಓರ್ಲಾ. “ಮೂವ್ ಆದ್ರಾ?”

“ನನ್ನ ಅಜ್ಜಿ ಅವರು,” ಅಂದಳು ತೇಜು, ತಿರುಗದೆ. “ನೋಡ್ಬೇಕಂದ್ರೆ ಕ್ಯೂನಲ್ಲಿ ನಿಂತ್ಕೋ. ನಂದಿನ್ನೂ ಆಗಿಲ್ಲ.”