ಅವಳು ಬಿಟ್ಟು ಬಂದ ದೇವರು

"ಆಮೆನ್!"

ಬಾಯಿಂದ ಜಾರಿದ ಮೇಲೆಯೇ ಪುಟ್ಟಿಗೆ ಗೊತ್ತಾಗಿದ್ದು, ತಾನೆಂಥ ಎಡವಟ್ಟು ಮಾಡಿಕೊಂಡೆ ಎಂದು!

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮೆಕ್ಯಾನಿಕ್ ಕಣ್ಣು ತೆರೆದ.

"ಏನಂದ್ರಿ ಮೇಡಂ?"

"ಏನಿಲ್ಲ... ಕಣ್ಣು ಮುಚ್ಚಿ ತಲೆ ಬಗ್ಗಿಸಿದ್ರಲ್ಲ... ಪ್ರಾರ್ಥನೆ ಮಾಡ್ತಿದ್ದೀರಿ ಅಂದ್ಕೊಂಡೆ."

"ಅಯ್ಯೋ, ಸದ್ದು ಕೇಳಿಸ್ಕೊಳ್ತಿದ್ದೆ ರೀ! ಎಲ್ಲಿ ಕಟಕಟ ಅಂತಿದೆ ಅಂತ ಗೊತ್ತಾಗಬೇಕಲ್ಲ?"

ಪುಟ್ಟಿ ಅಕ್ಕ ಎಂದೇ ಕರೆಯುವ ಟೈಲರ್ ಅಂಗಡಿಯ ಒಡತಿ ಬಿದ್ದು ಬಿದ್ದು ನಕ್ಕಳು. ಪುಟ್ಟಿಗೆ ನಾಚಿಕೆ, ಸಿಟ್ಟು, ಎರಡೂ ಒಟ್ಟಿಗೇ ಬಂದವು.

ನಗುವವರಿಗೇನು ಗೊತ್ತು ಪಾಪ! ಪಾಸ್ಟರ್ ಮಗಳು ಅವಳು. ಅಪ್ಪನ ಚರ್ಚಿನ ಸಭೆಯಲ್ಲೇ ಆಡಿ ಬೆಳೆದವಳು. ಯಾರಾದರೂ ಕಣ್ಣು ಮುಚ್ಚಿದರೆ ಸಾಕು, ಆ ಮಾತು ತಾನಾಗಿ ತುಟಿಗೆ ಬರುತ್ತಿತ್ತು. ಸಭೆ ಬಿಟ್ಟು ವರ್ಷವಾದರೂ ಅಭ್ಯಾಸ ಬಿಟ್ಟಿರಲಿಲ್ಲ.

ಅವಳು ಸುಮ್ಮಸುಮ್ಮನೆ ಬಿಟ್ಟಿರಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಸಭೆಯವರೆಲ್ಲ ಉಪವಾಸ ಕೂತು ಪ್ರಾರ್ಥಿಸಿದ್ದರು. ಅಮ್ಮ ಉಳಿಯಲಿಲ್ಲ. "ಮನೆಯಲ್ಲಿ ಯಾರದೋ ವಿಶ್ವಾಸ ಸಾಲಲಿಲ್ಲ" ಎಂದರು ಹಿರಿಯರು. ಎಲ್ಲರ ಕಣ್ಣೂ ಸದಾ ಪ್ರಶ್ನೆ ಕೇಳುವ ಪುಟ್ಟಿಯ ಮೇಲೆ! ಅಪ್ಪನಾದರೂ ಮಗಳ ಪರ ಒಂದು ಮಾತಾಡಬಾರದಿತ್ತೇ? ಅವಳು ಬಟ್ಟೆಬರೆ ತುಂಬಿಕೊಂಡು ಹೊರಬಿದ್ದು, ಅಕ್ಕನ ಅಂಗಡಿಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿದಳು.

ಆಮೇಲೆ ಮೆಕ್ಯಾನಿಕ್ ವಾರವಾರವೂ ಬರತೊಡಗಿದ.

"ಮಿಷನ್ನು ಚೆನ್ನಾಗೇ ಓಡ್ತಿದೆಯಲ್ಲೋ! ಇವತ್ತು ಯಾವುದಕ್ಕೆ ಎಣ್ಣೆ ಹಾಕೋಕೆ ಬಂದೆ?" ಎಂದು ಅಕ್ಕ ಕಾಲೆಳೆಯುತ್ತಿದ್ದಳು.

ಪುಟ್ಟಿ ಅವನಿಗೆ ಎಲ್ಲವನ್ನೂ ಹೇಳಿಕೊಂಡಳು. ಅವನು ಬುದ್ಧಿ ಹೇಳಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಅಷ್ಟಕ್ಕೇ ಅವಳ ಮನಸ್ಸು ಸೋತುಹೋಯಿತು! ಆದರೂ ಒಳಗೊಂದು ಅಳುಕು. 'ನಾಳೆ ಇವನೂ, ಹೀಗೆ ನಂಬಿದ್ರೆ ಮಾತ್ರ ನನ್ನವಳು ಅಂದ್ಬಿಟ್ರೆ?'

ಒಂದು ಭಾನುವಾರ ಬಸ್ಸಿನ ಕಿಟಕಿಯಿಂದ ಅವಳ ಕಣ್ಣಿಗೆ ಬಿದ್ದದ್ದೇನು? ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತ ಮೆಕ್ಯಾನಿಕ್... ಅವನ ತಲೆಯ ಮೇಲೆ ಅಪ್ಪನ ಕೈ!

'ಸಭೆಗೆ ಸೇರಿಬಿಟ್ಟ! ನನ್ನನ್ನ ವಾಪಸ್ ಎಳ್ಕೊಂಡು ಹೋಗೋಕೆ ಅಪ್ಪ ಇವನನ್ನೇ ಹಿಡ್ಕೊಂಡ್ರು!'

ಎದೆ ಒಡೆದುಹೋಯಿತು.

ಮರುದಿನ ಅವನು ಅಂಗಡಿಗೆ ಕಾಲಿಟ್ಟಿದ್ದೇ ತಡ, ಸಿಡಿದೆದ್ದಳು.

"ಬರಬೇಡಿ ಒಳಗೆ! ನಿನ್ನೆ ಬಸ್ಸಿಂದ ಎಲ್ಲಾ ನೋಡ್ದೆ. ಅಪ್ಪ ಕಳಿಸಿದ್ರಾ?"

"ಯಾರೂ ಕಳಿಸಿಲ್ಲ. ನಾನಾಗೇ ಹೋಗಿದ್ದೆ... ನಿನ್ನನ್ನ ಕೇಳೋಕೆ."

"ನನ್ನನ್ನ?"

"ಮದುವೆಗೆ ಕಣೇ!"

ಪುಟ್ಟಿಯ ಕೈಲಿದ್ದ ಕತ್ತರಿ ಮೇಜಿನ ಮೇಲೆ ಬಿತ್ತು. ಅಕ್ಕ ಮೆಲ್ಲಗೆ ಎದ್ದು ಹಿಂದಿನ ಕೋಣೆಗೆ ಹೋದಳು.

"ನಿನ್ನನ್ನ ಕೇಳೋಕೂ ಮುಂಚೆ ಅಲ್ಲಿಗೆ ಹೋಗಿದ್ದು ತಪ್ಪೇ. 'ಅವಳನ್ನ ಸಭೆಗೆ ಕರ್ಕೊಂಡು ಬರ್ತೀಯಾ?' ಅಂದ್ರು. 'ಇಲ್ಲ, ಅದು ಅವಳಿಗೆ ಬಿಟ್ಟಿದ್ದು' ಅಂದೆ. ಸಿಟ್ಟು ಬಂತು ಅವರಿಗೆ."

"ಮತ್ತೆ ತಲೆ ಮೇಲೆ ಕೈ?"

"ಸಿಟ್ಟು ಇಳಿದ ಮೇಲೆ, ಪ್ರಾರ್ಥನೆ ಮಾಡ್ಲಾ ಅಂದ್ರು. ದೊಡ್ಡೋರು, ಬೇಡ ಅನ್ನೋಕಾಗುತ್ತಾ? ನಿನ್ನ ಹೆಸರು ತಗೊಂಡ್ರು, ಅಷ್ಟೇ... ಪ್ರಾರ್ಥನೆ ಅಲ್ಲಿಗೇ ಬಿಟ್ಟು ಕಣ್ಣೊರೆಸ್ಕೊಂಡ್ರು."

"ಆಮೇಲೆ?"

"'ಹೊತ್ತುಹೊತ್ತಿಗೆ ಊಟ ಮಾಡ್ತಾಳಾ?' ಅಂತ ಕೇಳಿದ್ರು."

ತಡೆಯಲಾಗಲಿಲ್ಲ ಅವಳಿಗೆ. ಸ್ಟೂಲಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು.

ಅವಳ ದೇವರಿಗೆ ಯಾವಾಗಲೂ ಅಪ್ಪನ ಉಪದೇಶದ ದನಿಯೇ ಇತ್ತು. ತಪ್ಪು ಹುಡುಕುವ, ಗದರುವ ದನಿ. ಅದಕ್ಕೆ ಹೆದರಿಯೇ ದೇವರಿಗೂ ಬಾಗಿಲು ಹಾಕಿಕೊಂಡಿದ್ದಳು. ಅಪ್ಪನಿಗೆ ಇನ್ನೊಂದು ದನಿಯೂ ಇದೆ ಎಂಬುದನ್ನು ಮರೆತೇಬಿಟ್ಟಿದ್ದಳು.

'ಏನು ನಂಬ್ತೀಯ ಅಂತ ಕೇಳದೆ, ಊಟ ಆಯ್ತಾ ಅಂತ ಕೇಳೋ ದೇವರೂ ಇರಬಹುದಾ?...'

ಕಣ್ಣೊರೆಸಿಕೊಂಡು ಅವನತ್ತ ನೋಡಿದಳು.

"ದೇವರು ಇದ್ದಾನಾ, ಇದ್ರೆ ಎಂಥವನು... ನಂಗೊಂದೂ ಗೊತ್ತಿಲ್ಲ ರೀ."

"ನಿಧಾನಕ್ಕೆ ಯೋಚನೆ ಮಾಡು. ಜೊತೆಗೆ ಇರ್ತೀನಿ."

"ಕೊನೆವರೆಗೂ ಗೊತ್ತಾಗದೇ ಹೋದ್ರೆ?"

ಅವನು ಅವಳ ಕೈ ಹಿಡಿದುಕೊಂಡ.

"ಕೊನೆವರೆಗೂ ಇರ್ತೀನಿ."