ಅರಳು ಚೆಲ್ಲಿದ ದಾರಿ

ಬೆಟ್ಟಗಳಿಗೆ ಇನ್ನೂ ಸಿಟ್ಟು ಬರುತ್ತಿದ್ದ ಕಾಲದಲ್ಲಿ ಉರಿಗೊಂಡ ಅನ್ನೋ ಒಂದು ರಾಜ್ಯ ಇತ್ತು. ಅದಕ್ಕೆ ರಾಜ ಇರಲಿಲ್ಲ. ಇದ್ದದ್ದು ಒಂದು ಬೆಂಕಿಬೆಟ್ಟ. ಜನ ಅದನ್ನು ಕೆಂಡಜ್ಜ ಅಂತ ಕರೆಯುತ್ತಿದ್ದರು. ಅಜ್ಜ ಗೊರಕೆ ಹೊಡೆದರೆ ಹೊಗೆ, ಸೀನಿದರೆ ಬೂದಿ. ಮನೆಯಲ್ಲಿ ಮುದುಕರಿದ್ದ ಮೇಲೆ ಇಷ್ಟೆಲ್ಲ ಇದ್ದದ್ದೇ ಅಂತ ಜನ ಸುಮ್ಮನಿದ್ದರು.

ಒಂದು ಬೆಳಿಗ್ಗೆ ಅಜ್ಜ ಸೀನಲಿಲ್ಲ, ಚೀರಿದ. ಬೆಟ್ಟ ಬಾಯಿಬಿಟ್ಟಿತು. ಕಲ್ಲು ಕರಗಿ ಬೆಲ್ಲದ ಪಾಕದ ಹಾಗೆ ಹರಿದು, ಊರ ಹೊರಗೆ ಬಂದು ಕಪ್ಪಗೆ ಹೆಪ್ಪುಗಟ್ಟಿತು. ಬಯಲುಸೀಮೆಯ ಮಾಟಗಾರ ಮಸಿಕೇತ ಅಜ್ಜನ ಎದೆಯ ಕೆಂಪು ಹರಳನ್ನು ಕಿತ್ತು ತನ್ನ ಕಿರೀಟಕ್ಕೆ ಸಿಕ್ಕಿಸಿಕೊಂಡಿದ್ದ.

ನಾಲ್ಕು ಬೂದಿಭೂತಗಳು ಹೊತ್ತ ಪಲ್ಲಕ್ಕಿಯಲ್ಲಿ ಕೂತು ಅವನು ಊರ ಮೇಲೆ ಹಾರಿಬಂದ. ಮೂಗಿನಲ್ಲೇ ಕೂಗಿದ: "ಇನ್ನು ನಾನೇ ನಿಮ್ಮ ರಾಜ! ಅಡ್ಡಬೀಳಿ! ಈ ಹರಳು ವಾಪಸ್ ಬೆಟ್ಟದೊಳಗೆ ಬೀಳೋವರೆಗೂ ನನ್ನ ಮಾಟ ಮುರಿಯೋರಿಲ್ಲ!"

ಮಾಟಗಾರರಿಗೆ ಇದೊಂದು ರೋಗ. ಗುಟ್ಟನ್ನು ತಾವೇ ಕೂಗಿ ಹೇಳಿಬಿಡುತ್ತಾರೆ.

ಎಲ್ಲರೂ ಅಡ್ಡಬಿದ್ದರು. ಕೊಟ್ರ ಅನ್ನೋ ಹುಡುಗನೂ ಬಿದ್ದ. ಆದರೆ ಬಿದ್ದವನು ಸುಮ್ಮನಿರಬೇಕಲ್ಲ? ಪಕ್ಕದಲ್ಲಿದ್ದ ತಂಗಿ ಚಿಗರಿಯ ಕಿವಿಯಲ್ಲಿ, ಥೇಟ್ ಅದೇ ಮೂಗುದನಿಯಲ್ಲಿ, "ಇನ್ನು ನಾನೇ ನಿಮ್ಮ ರಾಜ" ಅಂದ. ಚಿಗರಿ ಕಿಸಕ್ಕನೆ ನಕ್ಕಳು.

ಮಸಿಕೇತ ಒಂದು ಹಿಡಿ ಬೂದಿ ಎಸೆದ. ಅವಳ ಪಾದ ಕಲ್ಲಾಯಿತು.

"ಹೊತ್ತು ಮುಳುಗೋದ್ರೊಳಗೆ ನೆತ್ತೀವರೆಗೂ ಕಲ್ಲಾಗ್ತೀಯ. ಆಮೇಲೆ ಎಷ್ಟು ಬೇಕಾದ್ರೂ ನಗು!" ಅಂದು ಬೆಟ್ಟದ ಕಡೆ ಹಾರಿಹೋದ.

"ಅಣ್ಣ, ಕಾಲು ತಣ್ಣಗಾಗ್ತಿದೆ," ಅಂದಳು ಚಿಗರಿ.

ಕೊಟ್ರ ಥಟ್ಟನೆ ಎದ್ದು ನಿಂತ. "ಇಲ್ಲೇ ಇರು, ಬಂದೆ," ಅಂದ.

"ಇನ್ನೆಲ್ಲಿಗೆ ಹೋಗ್ಲಿ, ಮಂಕೆ?"

ಸೊಂಟಕ್ಕೆ ಒಂದು ಚೀಲ ಜೋಳ ಕಟ್ಟಿಕೊಂಡು, ಕೊರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅವನು ಹೊರಟ. ಹೊಸದಾಗಿ ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಉರಿಗೊಂಡದವರು ನಡೆಯುವ ರೀತಿಯೇ ಬೇರೆ. ಮೊದಲು ನಾಲ್ಕು ಕಾಳು ಜೋಳ ಎಸೆಯಬೇಕು. ಕಾಳು ಸುಮ್ಮನಿದ್ದರೆ ಹೆಜ್ಜೆ ಇಡಬೇಕು. ಅರಳಾಗಿ ಸಿಡಿದರೆ ತೆಳು ಕಲ್ಲಿನ ಕೆಳಗೆ ಬೆಂಕಿಹೊಳೆ ಇದೆ ಅಂತ ತಿಳಿದು ಸುತ್ತಿಕೊಂಡು ಹೋಗಬೇಕು.

ಎಸೆದ. ಸುಮ್ಮನಿತ್ತು. ಹೆಜ್ಜೆ ಇಟ್ಟ. ಎಸೆದ. ಪಟ್! ಹಿಂದೆ ಸರಿದ. ಬಿರುಕುಗಳಲ್ಲಿ ಕೆಂಪು ಬೆಳಕು ಉಸಿರಾಡುತ್ತಿತ್ತು. ಚಪ್ಪಲಿ ಹೊಗೆಯಾಡಿತು. ಹಿಂದೆ ತಿರುಗಿದರೆ ಅವನು ಈಗಷ್ಟೇ ನಿಂತಿದ್ದ ಬಂಡೆ ಸದ್ದಿಲ್ಲದೆ ಒಳಗೆ ಇಳಿದುಹೋಯಿತು. ಆಮೇಲೆ ಅವನು ಹಿಂದೆ ತಿರುಗಲಿಲ್ಲ. ಇದು ಮೊದಲನೇ ಗಂಡಾಂತರ.

ಎರಡನೆಯದು ಗಂಧಕದ ಹೊಗೆಯ ಕಣಿವೆ. ಕೊಳೆತ ಮೊಟ್ಟೆಯ ನಾತ. ಅಲ್ಲಿ ಮಸಿಕೇತನ ಬೂದಿತೋಳ ಕಾವಲಿತ್ತು. ಅದಕ್ಕೆ ಕಣ್ಣಿಲ್ಲ, ಕಿವಿ ಇದೆ. ಕೆಮ್ಮಿದವರ ಕತ್ತು ಮುರಿಯುವುದೇ ಅದರ ಕೆಲಸ. ಕೊಟ್ರ ಕೊರಳಿನ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಕಾಲಿಗೆ ಕಾಲು ತಾಗದ ಹಾಗೆ ನಡೆದ. ಗಂಟಲಲ್ಲಿ ಕೆಮ್ಮು ಏರಿತು. ನುಂಗಿದ. ಮತ್ತೆ ಏರಿತು. ಮತ್ತೆ ನುಂಗಿದ. ಮೂರನೇ ಸಲ ತಡೆಯಲಾಗಲಿಲ್ಲ.

ಖೊಕ್!

ತೋಳ ನೆಗೆಯಿತು. ಅದರ ಬಿಸಿ ಉಸಿರು ಮುಖಕ್ಕೆ ಬಡಿದಾಗ ಕೊಟ್ರ ಮಸಿಕೇತನ ಮೂಗುದನಿಯಲ್ಲಿ ಗದರಿದ: "ಥೂ ನಾಯಿ! ಒಡೆಯನನ್ನೇ ಕಚ್ತೀಯಾ? ಕೂತ್ಕೋ!"

ತೋಳ ಬಾಲ ಮಡಚಿ ಕೂತಿತು. ಕೊಟ್ರ ಅದರ ಮೂಗಿನ ಮುಂದೆಯೇ ದಾಟಿಹೋದ. ಸೂರ್ಯ ಇಳಿಯುತ್ತಿದ್ದ. ಚಿಗರಿ ಈಗ ಎಲ್ಲಿಯವರೆಗೆ ಕಲ್ಲಾಗಿದ್ದಾಳೋ? ಸೊಂಟವೋ? ಕುತ್ತಿಗೆಯೋ? ಅವನು ಓಡಿದ.

ಬೆಟ್ಟದ ನೆತ್ತಿಯಲ್ಲಿ ಮಸಿಕೇತನ ಪಲ್ಲಕ್ಕಿ ನಿಂತಿತ್ತು. ಚೀಲದಲ್ಲಿ ಉಳಿದದ್ದು ಒಂದೇ ಬೊಗಸೆ ಜೋಳ. ಕೊಟ್ರ ಅಷ್ಟನ್ನೂ ಪಲ್ಲಕ್ಕಿಯ ಮುಂದಿನ ಕಪ್ಪು ಕಲ್ಲಿನ ಮೇಲೆ ಎರಚಿದ. ಪಟಪಟ ಸಿಡಿದು ನೆಲವೆಲ್ಲ ಮಲ್ಲಿಗೆ ಚೆಲ್ಲಿದ ಹಾಗೆ ಬೆಳ್ಳಗಾಯಿತು.

"ಏನೋ ಅದು?" ಪಲ್ಲಕ್ಕಿಯ ಪರದೆ ಸರಿಯಿತು.

"ಅರಳು, ಮಹಾಸ್ವಾಮಿ. ತಮಗೇ ಚೆಲ್ಲಿದ್ದು."

ಮಸಿಕೇತನ ಕಣ್ಣು ಅರಳಿನ ಮೇಲೆ ನಟ್ಟಿತು. ಬಯಲುಸೀಮೆಯಲ್ಲಿ ರಾಜರು ಬರುವಾಗ ದಾರಿಗೆ ಅರಳು ಚೆಲ್ಲುತ್ತಾರೆ. ಜನರ ಹಿಂದೆ ನಿಂತು ಅದನ್ನು ನೋಡಿ ನೋಡಿ ಹೊಟ್ಟೆ ಉರಿಸಿಕೊಂಡವನು ಅವನು. ಅವನಿಗೆ ಅಂತ ಯಾರೂ ಒಂದು ಕಾಳೂ ಚೆಲ್ಲಿರಲಿಲ್ಲ.

"ಮೊದಲು ನೀನು ನಡಿ," ಅಂದ ಮಸಿಕೇತ, ಅನುಮಾನದಿಂದ.

ಕೊಟ್ರ ಗಲ್ಲ ಗಲ್ಲ ಬಡಿದುಕೊಂಡ. "ಅಯ್ಯೋ ದೊರೆ! ನಾ ತುಳಿದ ಅರಳನ್ನ ತಾವು ತುಳೀತೀರಾ? ಎಂಜಲೆಲೆಯಲ್ಲಿ ಉಂಡಂಗೆ ಆಗಲ್ವಾ? ಬೇಡ ಅಂದ್ರೆ ಬಿಡಿ. ಪಲ್ಲಕ್ಕೀಲೇ ಕೂತಿರಿ, ಮದುಮಗಳ ಹಾಗೆ."

ಮಸಿಕೇತ ಧಡಕ್ಕನೆ ಇಳಿದ.

ಒಂದು ಹೆಜ್ಜೆ. ಕಲ್ಲು ತಡೆಯಿತು. ಎರಡು. ಅವನು ಗಲ್ಲ ಮೇಲೆತ್ತಿ, ಇಲ್ಲದ ಜನರಿಗೆ ಕೈ ಬೀಸಿದ. ಮೂರನೇ ಹೆಜ್ಜೆಗೆ ಹಪ್ಪಳ ಮುರಿದ ಸದ್ದು. ಮಸಿಕೇತ ಇಲ್ಲ. ಬೆಂಕಿಹೊಳೆ ಒಮ್ಮೆ ಗುಳಕ್ಕೆಂದಿತು.

ಆದರೆ ಕಿರೀಟ ತಲೆಯಿಂದ ಹಾರಿ ತೂತಿನ ಅಂಚಿನಲ್ಲಿ ಸಿಕ್ಕಿಕೊಂಡಿತು.

ಸೂರ್ಯ ಉಗುರಿನಷ್ಟು ಉಳಿದಿದ್ದ. ಎಸೆದು ನೋಡಲು ಒಂದು ಕಾಳೂ ಇರಲಿಲ್ಲ. ಇದ್ದಿದ್ದರೂ ಏನು ಹೇಳುತ್ತಿತ್ತು ಅಂತ ಕೊಟ್ರನಿಗೆ ಗೊತ್ತಿತ್ತು. ಅವನು ಹೊಟ್ಟೆಯ ಮೇಲೆ ಮಲಗಿ ತೆವಳಿದ. ಅಂಗಿ ಸುಟ್ಟಿತು. ಕೆಳಗೆ ಕಲ್ಲು ಚಿಟ್ ಅಂದಿತು. ಕೈ ಚಾಚಿದ, ಎಟುಕಲಿಲ್ಲ. ಇನ್ನೊಂದು ಗೇಣು ತೆವಳಿ, ಕಾದ ಕಿರೀಟವನ್ನು ಬರಿಗೈಯಲ್ಲೇ ನೂಕಿದ. ಅಂಗೈ ಸುಟ್ಟುಹೋಯಿತು. ಹರಳು ಒಳಗೆ ಬಿತ್ತು.

ಬೆಟ್ಟ ನಿಟ್ಟುಸಿರು ಬಿಟ್ಟಿತು. ಭೂತಗಳು ಬರೀ ಬೂದಿಯಾಗಿ ಉದುರಿದವು. ಅವನ ಹೊಟ್ಟೆಯ ಕೆಳಗಿನ ಕಲ್ಲು ಕೆರೆನೀರಿನಷ್ಟು ತಣ್ಣಗಾಯಿತು.

ಕೊಟ್ರ ಕತ್ತಲಲ್ಲಿ ಎದ್ದೂ ಬಿದ್ದೂ ಊರಿಗೆ ಬಂದ. ಚಿಗರಿಯ ಸುತ್ತ ಜನ ದೀಪ ಹಿಡಿದು ನಿಂತಿದ್ದರು. ಅವಳ ಮೈಮೇಲಿನ ಕಲ್ಲು ಕಡಲೆಕಾಯಿ ಸಿಪ್ಪೆಯ ಹಾಗೆ ಬಿರಿದು ಬೀಳುತ್ತಿತ್ತು. ಕೈ ಬಿಡಿಸಿಕೊಂಡವಳೇ ಎರಡೂ ಕೈಯಿಂದ ಪರಪರ ಮೂಗು ತುರಿಸಿಕೊಂಡಳು.

"ಮಧ್ಯಾಹ್ನದಿಂದ ತುರಿಸ್ತಿತ್ತು ಕಣೋ! ಈ ಊರಲ್ಲಿ ಅಷ್ಟು ಜನ ಅಳ್ತಾ ನಿಂತಿದ್ರು, ಒಬ್ಬರಿಗಾದ್ರೂ ಗೊತ್ತಾಗಬಾರದಾ?"

ಆಮೇಲೆ ಅವನ ಅಂಗೈ ನೋಡಿದಳು. ತನ್ನ ಸೆರಗು ಹರಿದು, ಒದ್ದೆ ಮಾಡಿ, ನಿಧಾನವಾಗಿ ಸುತ್ತತೊಡಗಿದಳು.

ಉರಿಗೊಂಡಕ್ಕೆ ಮತ್ತೆ ರಾಜ ಬರಲಿಲ್ಲ, ಯಾರಿಗೂ ಬೇಕಾಗಲೂ ಇಲ್ಲ. ಅಜ್ಜ ಗೊರಕೆ ಹೊಡೆಯುತ್ತಾನೆ, ಜನ ಉಂಡು ಮಲಗುತ್ತಾರೆ, ಅಣ್ಣತಂಗಿ ಜಗಳವಾಡಿಕೊಂಡು ಸುಖವಾಗಿದ್ದಾರೆ.